ಸಹಾಯ ಬೇಕು: ಕಾಫಿ ಫಸಲು ಇಳಿದದ್ದು ‘ಸರಾಸರಿಗೆ ಮರಳುವಿಕೆ’ಯಾ, ಗಿಡದ ಸುಸ್ತಾ?

ನಮಸ್ಕಾರ. ಮಡಿಕೇರಿಯ ಓದುಗರ ಕೂಟದಲ್ಲಿ ಮನಃಶಾಸ್ತ್ರಜ್ಞ ಕಾಹ್ನೆಮನ್ ಅವರ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ (2011) ಪುಸ್ತಕದ ಸರಾಸರಿಗೆ ಮರಳುವಿಕೆ (ಒಮ್ಮೆ ತೀರಾ ಹೆಚ್ಚೋ ಕಡಿಮೆಯೋ ಬಂದ ಮೇಲೆ ಮುಂದಿನದ್ದು ಸಾಮಾನ್ಯವಾಗಿ ಸರಾಸರಿಯ ಹತ್ತಿರ ಬರೋದು) ಅಧ್ಯಾಯವನ್ನ ಕಾಫಿ ಲೆಕ್ಕದಲ್ಲಿ ವಿವರಿಸಬೇಕು. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ.

ಇದನ್ನ ಮೊದಲು ಅಳೆದ ಇಂಗ್ಲಿಷ್ ವಿಜ್ಞಾನಿ ಗಾಲ್ಟನ್ 1886ರಲ್ಲಿ ತೋರಿಸಿದ್ದು ಇಷ್ಟು: ತಂದೆತಾಯಿ ಸರಾಸರಿಗಿಂತ ಮೂರು ಇಂಚು ಎತ್ತರ ಇದ್ರೆ ಮಕ್ಕಳು ಸರಾಸರಿಗಿಂತ ಸುಮಾರು ಎರಡು ಇಂಚು ಎತ್ತರ. ಸರಾಸರಿಯ ಹತ್ತಿರ ಬರ್ತಾರೆ, ದಾಟಿ ಕೆಳಗೆ ಹೋಗಲ್ಲ. ತೋಟಕ್ಕೆ ಹೇಳೋದಾದ್ರೆ, ಸರಾಸರಿ 100 ಮೂಟೆ, ಈ ವರ್ಷ 140, ಸಹಸಂಬಂಧ (ಒಂದು ವರ್ಷದ ಅಂಕಿಯ ಜೊತೆ ಮುಂದಿನ ವರ್ಷದ್ದು ಎಷ್ಟು ಒಟ್ಟಿಗೆ ಏರಿಳಿಯುತ್ತೆ ಅನ್ನೋ ಅಳತೆ; ಮೈನಸ್ ಅಂದ್ರೆ ಒಂದು ಏರಿದ್ರೆ ಇನ್ನೊಂದು ಇಳಿಯೋದು) 0.5 ಇದ್ರೆ ಮುಂದಿನ ವರ್ಷಕ್ಕೆ 120 ನಿರೀಕ್ಷಿಸಬೇಕು. ಆದ್ರೆ ಅರೇಬಿಕಾ ಕಾಫಿ ಗಿಡ ಹಾಗಲ್ಲ. ಕಾಯಿ ಜಾಸ್ತಿ ಹೊತ್ತ ಗಿಡ ಸೊರಗಿ, ಮರುವರ್ಷ ಹೂ ಬಿಡಬೇಕಾದ ಹೊಸ ರೆಂಬೆಯೇ ಬೆಳೆಯಲ್ಲ. ಫಸಲು 100ಕ್ಕಿಂತ ಕೆಳಗೇ ಹೋಗಬಹುದು. ಅಂದ್ರೆ ಸಹಸಂಬಂಧ ಮೈನಸ್ ಆಗಬೇಕು.

ಹತ್ತು ವರ್ಷದ ಅಂಕಿಗಳನ್ನ ಎಕ್ಸೆಲ್‌ನಲ್ಲಿ ಒಂದು ಸಾಲು ಜಾರಿಸಿ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದೆ. ಮೈನಸ್ಸೇ ಬಂತು. ಆದ್ರೆ ಸರಣಿ ಇಷ್ಟು ಚಿಕ್ಕದಿದ್ರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಅಂಕಿಗಳಿಗೂ ಸರಾಸರಿ ಮೈನಸ್ 0.1ರ ಸುಮಾರು ಬರುತ್ತೆ, ಅದರ ಮೇಲೆ 0.3ರಷ್ಟು ಏರುಪೇರು ಬೇರೆ. ಹನ್ನೆರಡು ತೋಟ ಸೇರಿಸೋಣ ಅಂದ್ರೆ, ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಕೈಕೊಟ್ಟ ವರ್ಷ ಎಲ್ಲರದ್ದೂ ಒಟ್ಟಿಗೇ ಬೀಳುತ್ತೆ. ಅದು ಹನ್ನೆರಡು ಬೇರೆ ಬೇರೆ ಸಾಕ್ಷಿ ಆಗಲ್ಲ.

ನನ್ನ ಪ್ರಶ್ನೆ: ಪ್ರತಿ ವರ್ಷದ ಅಂಕಿಯಿಂದ ಆ ವರ್ಷದ ಎಲ್ಲ ತೋಟಗಳ ಸರಾಸರಿ ಕಳೆದು ಲೆಕ್ಕ ಹಾಕಿದ್ರೆ ಮಳೆಯ ಪಾಲು ಮಾತ್ರ ಹೋಗುತ್ತಾ, ಇಲ್ಲ ಎಲ್ಲ ತೋಟದ ಗಿಡಗಳೂ ಒಟ್ಟಿಗೆ ಸುಸ್ತಾದ ಪಾಲೂ ಅಳಿಸಿಹೋಗುತ್ತಾ?