ಪದ ಬೇಕು: ನಡುವೆ ಅಂಗಳವಿರುವ ದುಂಡು ಕಟ್ಟಡಕ್ಕೆ ಏನನ್ನೋಣ?

ಪ್ರಶ್ನೆ (ಮೈಸೂರು):
ಮಾಸ್ಕೋದ ಕಟ್ಟಡಗಳ ಚಿತ್ರಪ್ರದರ್ಶನಕ್ಕೆ ಎರಡು ಫಲಕ ಬೇಕು. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಒಂದು, ವಾಸ್ತುಶಿಲ್ಪಿ ಮೆಲ್ನಿಕೊವ್ 1927-29ರಲ್ಲಿ ತನಗಾಗಿ ಕಟ್ಟಿಕೊಂಡ ಮನೆ: ಒಂದಕ್ಕೊಂದು ಹೊಕ್ಕಂತಿರುವ ಎರಡು ಇಟ್ಟಿಗೆ ಉರುಳೆಗಳು, ಆರುಮೂಲೆಯ ಕಿಟಕಿಗಳು. ಇನ್ನೊಂದು, ನೆಝಿನ್‌ಸ್ಕಯಾ ಬೀದಿಯ ಒಂಬತ್ತಂತಸ್ತಿನ ವಸತಿ ಕಟ್ಟಡ, 1972ರದು. ಬಳೆಯ ಹಾಗೆ ಸುತ್ತಿಬಂದು ನಡುವೆ ದೊಡ್ಡ ಅಂಗಳ. ಎರಡಕ್ಕೂ ‘ವೃತ್ತಾಕಾರದ ಕಟ್ಟಡ’ ಎಂದು ಬರೆದರೆ ವ್ಯತ್ಯಾಸ ಎಲ್ಲಿ ಉಳಿಯಿತು?

ಉತ್ತರ (ಮಂಡ್ಯ):
‘ವೃತ್ತ’ ಬೇಡ. ನಿಮ್ಮೂರಲ್ಲಿ ವೃತ್ತ ಅಂದರೆ ಕೆ.ಆರ್. ಸರ್ಕಲ್ಲು. ‘ಗುಂಡು’ ಕೂಡ ಬೇಡ, ಅದು ಚೆಂಡಿನಂಥದ್ದಕ್ಕೆ. ಬಳೆ, ತಟ್ಟೆಗೆ ಹೇಳುವುದು ದುಂಡು. ಮೊದಲನೆಯದು ‘ಜೋಡಿ ದುಂಡುಮನೆ’, ಎರಡನೆಯದು ‘ದುಂಡು ತೊಟ್ಟಿಮನೆ’.

ಉತ್ತರ (ಮೈಸೂರು):
ದುಂಡುಮಲ್ಲಿಗೆ ಮೊಗ್ಗು ತಟ್ಟೆಯೇ? ಆ ಗೆರೆ ಅಷ್ಟು ಗಟ್ಟಿಯಲ್ಲ. ‘ತೊಟ್ಟಿಮನೆ’ಯಂತೂ ಪೂರ್ತಿ ತಪ್ಪು. ತೊಟ್ಟಿಮನೆಯಲ್ಲಿ ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿದು ಮಳೆನೀರು ತೊಟ್ಟಿಗೆ ಬೀಳಬೇಕು, ಮನೆ ಒಂದೇ ಕುಟುಂಬದ್ದಾಗಿರಬೇಕು. ಮಾಸ್ಕೋದ್ದರಲ್ಲಿ ನೂರಾರು ಸಂಸಾರ, ಅಂಗಳ ಎಲ್ಲರದು. ಅದಕ್ಕೆ ನಮ್ಮಲ್ಲಿ ಪದ ಇದ್ದೇ ಇದೆ: ವಠಾರ. ‘ದುಂಡು ವಠಾರ’ ಅನ್ನಿ.

ಉತ್ತರ (ಶ್ರೀರಂಗಪಟ್ಟಣ):
ಮಹಾಪ್ರಾಣ ಕನ್ನಡದ ಬಾಯಿಗೆ ಸೇರಿದ್ದಲ್ಲ, ‘ವಟಾರ’ ಎಂದು ಬರೆಯಿರಿ. ದುಂಡಾದದ್ದಕ್ಕೆ ಹಳಗನ್ನಡದಲ್ಲಿ ‘ಬಟ್ಟ’ ಇತ್ತು. ‘ವೃತ್ತ’ದ ತದ್ಭವ ಎಂದು ಅದನ್ನು ತಳ್ಳಿಬಿಡುತ್ತಾರೆ. ತಮಿಳಿನ ‘ವಟ್ಟಂ’, ನಮ್ಮ ‘ಬಟ್ಟಲು’ ಪಕ್ಕದಲ್ಲಿಟ್ಟು ನೋಡಿ. ‘ಬಟ್ಟಮನೆ’ಯನ್ನು ಮತ್ತೆ ಬಳಕೆಗೆ ತರಬೇಕು.

ಉತ್ತರ (ಮೈಸೂರು):
ಇಂದು ‘ಬಟ್ಟಮನೆ’ ಓದಿದವರು ಬಟ್ಟೆಯ ಮನೆ ಅಂದುಕೊಳ್ಳುತ್ತಾರೆ. ಫಲಕದ ಪದ ಕಂಡ ಕೂಡಲೇ ತಿಳಿಯಬೇಕು. ನಿಮ್ಮೂರ ಗುಂಬಜ್ ಪಾರಸಿಯದು, ‘ಗುಮ್ಮಟ’ದ ಬೇರೂ ಅಲ್ಲೇ. ಅವನ್ನೂ ತೆಗೆಯುತ್ತೀರಾ? ಬಾಯಲ್ಲಿ ಪಳಗಿದ ಮೇಲೆ ಎರವಲೂ ನಮ್ಮದೇ.

ಉತ್ತರ (ಶ್ರೀರಂಗಪಟ್ಟಣ):
ಪಳಗಿದ್ದನ್ನು ತೆಗೆಯಿರಿ ಎಂದು ನಾನೆಲ್ಲಿ ಹೇಳಿದೆ? ಇರುವುದನ್ನು ಮರೆತು ಹೊಸದಾಗಿ ಸಾಲ ತರಬೇಡಿ ಎಂದೆ.

ಉತ್ತರ (ಮಂಡ್ಯ):
ತೊಟ್ಟಿ ಬಿಟ್ಟೆ, ವಠಾರ ಒಪ್ಪಿದೆ. ‘ದುಂಡು’ ಮಾತ್ರ ಬಿಡುವುದಿಲ್ಲ, ಕಾರಣ ಕಟ್ಟಡದಲ್ಲೇ ಇದೆ. ಅದನ್ನು ಕಟ್ಟಿದ್ದು ಸಿದ್ಧ ಕಾಂಕ್ರೀಟು ಹಲಗೆಗಳಿಂದ. ಹಲಗೆಗಳು ನೇರ, ಬಾಗಿರುವುದು ಜೋಡಣೆಯಲ್ಲಿ, ಅದೂ ಸುಮಾರು 6 ಡಿಗ್ರಿಯಷ್ಟೇ. ಹಾಗಾಗಿ ಕೆಲವು ಕೋಣೆಗಳ ಒಂದು ಗೋಡೆ ಎದುರು ಗೋಡೆಗಿಂತ ಉದ್ದ. ಲೆಕ್ಕದ ಪ್ರಕಾರ ಅದು ಬಹುಭುಜ. ‘ವೃತ್ತ’ ಎಂದರೆ ರೇಖಾಗಣಿತದ ಮಾತು, ಸುಳ್ಳಾಗುತ್ತದೆ. ‘ದುಂಡು’ ಕಣ್ಣಿನ ಮಾತು, ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
‘ಜೋಡಿ ದುಂಡುಮನೆ’, ‘ದುಂಡು ವಠಾರ’ ಎಂದೇ ಕೊಡುತ್ತಿದ್ದೇನೆ. ‘ಠ’ ಇರಲಿ, ಓದುಗರಿಗೆ ಆ ರೂಪವೇ ಪರಿಚಿತ.

ಉತ್ತರ (ಮೈಸೂರು):
ದಪ್ಪ ಅಕ್ಷರ ಆರಿಸಬೇಡಿ. ‘ಠ’ದೊಳಗಿನ ಚುಕ್ಕೆ ಮುಚ್ಚಿಕೊಂಡು ದೂರದಿಂದ ‘ವರಾರ’ ಎಂದು ಕಾಣುತ್ತದೆ. ಮೊದಲು ಒಂದು ಚಿಕ್ಕ ಪ್ರತಿ ತೆಗೆಸಿ, ಹತ್ತು ಅಡಿ ದೂರ ನಿಂತು ಓದಿ ನೋಡಿ.