ಜಮಖಂಡಿ ಕಡೆಯ ಹಳ್ಳಿಯಲ್ಲಿ ಮೂರು ತಲೆಮಾರಿನ ಲಗ್ನಗಳ ಅಧ್ಯಯನ: ಮಾಹಿತಿ ಹೇಗೆ ಕೂಡಿಸಬೇಕು?

ಘಟಪ್ರಭಾ

ಎಲ್ಲರಿಗೂ ನಮಸ್ಕಾರ. ಮಾನವಶಾಸ್ತ್ರದ ಪಿಎಚ್‌ಡಿಗೆ ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ ಆರಿಸಿಕೊಂಡಿದ್ದೇನೆ. ಸುಮಾರು 400 ಮನೆ. ಲಿಂಗಾಯತರು, ಕುರುಬರು, ಮುಸ್ಲಿಮರು, ಪರಿಶಿಷ್ಟ ಜಾತಿಯ ಎರಡು ಕೇರಿ. 1970ರಿಂದ ಈಚೆಗೆ ಲಗ್ನದ ರೀತಿ ಹೇಗೆ ಬದಲಾಗಿದೆ, ಅದರ ಜತೆಗೆ ಮನೆಯೊಳಗೆ ಹೆಣ್ಣುಮಕ್ಕಳ ಮಾತಿಗೆ ಎಷ್ಟು ಬೆಲೆ ಬಂದಿದೆ ಅನ್ನುವುದು ವಿಷಯ. 120 ಜನರಿಗೆ ಪ್ರಶ್ನಾವಳಿ ಕೊಡುವ ಯೋಚನೆ ಇತ್ತು: ‘ಸಂಬಂಧದಾಗ ಲಗ್ನ ಮಾಡೋದು ಸರಿಯೇನು?’, ‘ಹುಡುಗಿ ಒಪ್ಪಿಗೆ ಕೇಳ್ತಾರೇನು?’ ಇಂಥವು. ಇದರಿಂದ ಅಭಿಪ್ರಾಯ ಸಿಗುತ್ತದೆ, ಬದಲಾವಣೆ ಸಿಗುವುದಿಲ್ಲ ಅಂದರು ಮಾರ್ಗದರ್ಶಕರು. ಹಾಗಾದರೆ ಏನನ್ನು, ಎಷ್ಟು ಕೂಡಿಸಬೇಕು? ಹೋಲಿಕೆಗೆ ಯಾವ ಹಳೆಯ ದಾಖಲೆ ನಂಬಬಹುದು?

ಬೀಗರಮನಿ

ಮಾರ್ಗದರ್ಶಕರು ಹೇಳಿದ್ದು ಖರೆ. ‘ಸಂಬಂಧದಾಗ ಬ್ಯಾಡ್ರಿ, ಡಾಕ್ಟರು ಬೈತಾರ’ ಅನ್ನುವ ಮನೆಯವರೇ ಮುಂದಿನ ಬೇಸಿಗೆಯಲ್ಲಿ ಸೋದರತ್ತೆಯ ಮಗನಿಗೆ ಮಗಳನ್ನು ಕೊಟ್ಟಿರುತ್ತಾರೆ. ಅಭಿಪ್ರಾಯ ಬಿಟ್ಟು ಲಗ್ನಗಳನ್ನು ಎಣಿಸಿ.

ಅದಕ್ಕೆ ದಾರಿ ವಂಶಾವಳಿ. ಬ್ರಿಟಿಷ್ ಮಾನವಶಾಸ್ತ್ರಜ್ಞ ಡಬ್ಲ್ಯೂ.ಎಚ್.ಆರ್. ರಿವರ್ಸ್ 1910ರಲ್ಲಿ ವಿವರಿಸಿದ ಕ್ರಮ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಈಗ ಬಳಸುವ ಗುರುತುಗಳು: ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಲಗ್ನಕ್ಕೆ ಸಮ ಚಿಹ್ನೆ, ತೀರಿಹೋದವರಿಗೆ ಅಡ್ಡಗೆರೆ. 400 ಮನೆಯನ್ನೂ ಹೊಕ್ಕು ಬರಬೇಕಿಲ್ಲ. ಕೇರಿವಾರು ಚೀಟಿ ಎತ್ತಿ 60 ಮನೆ ಆರಿಸಿ, ಮೂರು ತಲೆಮಾರು ಬರೆದರೆ 500ರ ಆಸುಪಾಸು ಲಗ್ನ ಸಿಗಬೇಕು. ಒಂದೊಂದು ಲಗ್ನಕ್ಕೂ ಒಂದು ಸಾಲು: ವರ್ಷ, ಇಬ್ಬರ ವಯಸ್ಸು ಮತ್ತು ಓದು, ಬೆಡಗು (ಜಾತಿಯೊಳಗಿನ ಕುಲ), ತವರೂರು, ಗಂಡನ ಊರು, ನಡುವಿನ ದೂರ, ಮೊದಲಿದ್ದ ಸಂಬಂಧ, ಮೊದಲ ಲಗ್ನವೋ ಉಡಿಕಿಯೋ (ಹೆಣ್ಣಿನ ಮರುಲಗ್ನ), ಸಾಟಿ ಲಗ್ನವೋ (ಹೆಣ್ಣು ಕೊಟ್ಟು ಹೆಣ್ಣು ತರುವುದು), ಸಾಮೂಹಿಕ ವಿವಾಹವೋ, ಸಂಬಂಧ ತಂದವರು ಯಾರು, ಖರ್ಚು ಯಾರ ಕಡೆಯದು.

‘ಮಕ್ಕಳೆಷ್ಟು?’ ಅಂತ ಕೇಳಿದರೆ ಕೊಟ್ಟ ಹೆಣ್ಣುಮಕ್ಕಳು ಲೆಕ್ಕದಿಂದ ಜಾರುತ್ತಾರೆ, ಎಳವೆಯಲ್ಲಿ ತೀರಿದವರಂತೂ ಬರುವುದೇ ಇಲ್ಲ. ಹೆರಿಗೆಯ ಕ್ರಮದಲ್ಲಿ ಕೇಳಿ: ಚೊಚ್ಚಲು ಯಾರು, ಅದರ ಬೆನ್ನಿಗೆ ಯಾರು, ಅವರನ್ನು ಯಾವ ಊರಿಗೆ ಕೊಟ್ಟಿರಿ. ‘ಮಾಮಾನ್ನ ಮಾಡ್ಕೊಂಡೀನಿ’ ಅಂದರೆ ಅಲ್ಲಿಗೇ ನಿಲ್ಲಬೇಡಿ. ಅವ್ವನ ಒಡಹುಟ್ಟಿದ ತಮ್ಮನೋ, ಅವ್ವನ ಕಾಕಾನ ಮಗನೋ ಅಂತ ಕೊಂಡಿ ಕೊಂಡಿಯಾಗಿ ಕೇಳಿ ಬರೆಯಿರಿ. ಒಂದೇ ಜೋಡಿ ಎರಡು ಕಡೆಯಿಂದ ಸಂಬಂಧಿಗಳಾಗಿದ್ದರೆ ಎರಡೂ ಬರೆಯಿರಿ.

ಇನ್ನು, ಬಹಳ ಪ್ರಬಂಧಗಳು ಎಡವುವ ಜಾಗ. ಸಂಬಂಧದೊಳಗಿನ ಲಗ್ನ ಕಡಿಮೆಯಾದವು ಅಂದ ಕೂಡಲೇ ಜನರ ಮನಸ್ಸು ಬದಲಾಯಿತು ಅಂತ ಬರೆದುಬಿಡುತ್ತಾರೆ. ಆರೇಳು ಮಕ್ಕಳ ಮನೆಯಲ್ಲಿ ಹಿರಿಯಕ್ಕನ ಮಗಳಿಗೂ ಕಿರಿಯ ಸೋದರಮಾವನಿಗೂ ಎಂಟು–ಹತ್ತು ವರ್ಷದ ಅಂತರ ಇರುತ್ತಿತ್ತು. ಎರಡು ಮಕ್ಕಳ ಮನೆಯಲ್ಲಿ ಆ ಅಂತರ ಇಪ್ಪತ್ತರ ಹತ್ತಿರ ಹೋಗುತ್ತದೆ, ಎಷ್ಟೋ ಕಡೆ ಮಾವನೇ ಇರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ (ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು) 1.7. ಅಂದರೆ ವರನೇ ಇಲ್ಲದ್ದರಿಂದ ಆಗದೇ ಹೋದ ಲಗ್ನವೂ ‘ಬದಲಾವಣೆ’ಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಾಗಾಗಿ ಇನ್ನೊಂದು ಕಲಂ ಹಾಕಿ: ಆ ಹುಡುಗಿಯ ಲಗ್ನದ ಹೊತ್ತಿಗೆ ಲಗ್ನವಾಗದ ಸೋದರಮಾವ, ಅತ್ತೆಯ ಮಗ, ಮಾವನ ಮಗ ಇದ್ದರೇ? ವಯಸ್ಸಿನ ಮಿತಿ ಮೊದಲೇ ಗೊತ್ತುಮಾಡಿಕೊಳ್ಳಿ. ಹುಡುಗಿಗಿಂತ 0ರಿಂದ 12 ವರ್ಷ ದೊಡ್ಡವ ಅಂತಿರಲಿ. ಆಮೇಲೆ ಅಂಥ ವರ ಇದ್ದ ಲಗ್ನಗಳನ್ನಷ್ಟೇ ಛೇದದಲ್ಲಿಟ್ಟು ದಶಕವಾರು ಶೇಕಡಾ ತೆಗೆಯಿರಿ. ಇದ್ದೂ ಬಿಟ್ಟವರ ಪಾಲು ಏರಿದ್ದರೆ ಆಗ ಆಯ್ಕೆ ಬದಲಾಗಿದೆ ಅನ್ನಬಹುದು. ಅಂಥ ಒಂದೊಂದು ಲಗ್ನಕ್ಕೂ ‘ಬ್ಯಾಡ ಅಂದವರು ಯಾರು?’ ಅಂತ ಕೇಳಿ. ಅಪ್ಪನೋ, ಅವ್ವನೋ, ಹುಡುಗಿಯೋ? ಹೆಣ್ಣಿನ ಮಾತಿನ ಬೆಲೆ ಎಷ್ಟೆಂಬ ನಿಮ್ಮ ಪ್ರಶ್ನೆಗೆ ಉತ್ತರ ಈ ಒಂದು ಕಲಮಿನಲ್ಲೇ ಹೆಚ್ಚು ಇರುತ್ತದೆ.

ತಖ್ತೆ

ದಾಖಲೆಯ ಮಾತು. ಬ್ರಿಟಿಷರ ಕಾಲದ ಮುಂಬೈ ಪ್ರಾಂತ್ಯದ ಗ್ಯಾಸೆಟಿಯರ್‌ನ (ಸರಕಾರಿ ಜಿಲ್ಲಾ ಮಾಹಿತಿ ಗ್ರಂಥ) ವಿಜಾಪುರ ಸಂಪುಟ (23ನೆಯದು, 1884) ಜಾತಿವಾರು ಲಗ್ನಪದ್ಧತಿ ಕೊಡುತ್ತದೆ. ಆದರೆ ಜಮಖಂಡಿ ಆಗ ಪಟವರ್ಧನರ ಸಂಸ್ಥಾನ, ಬ್ರಿಟಿಷ್ ಜಿಲ್ಲೆಯ ಭಾಗವಲ್ಲ. ಅಲ್ಲಿನ ಮಾತನ್ನು ನೇರ ನಿಮ್ಮ ಊರಿಗೆ ಅಂಟಿಸಬೇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಲಗ್ನ, ಕುಟುಂಬದ ಬಗೆಗಿನ 1942ರ ಪುಸ್ತಕ ಮೈಸೂರು ಸೀಮೆಯದು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಬಂಧುತ್ವದ ಪದ್ಧತಿ ನೋಡಿ ದೇಶವನ್ನು ವಲಯಗಳಾಗಿ ವಿಂಗಡಿಸಿ, ಕರ್ನಾಟಕವನ್ನು ದಕ್ಷಿಣ ವಲಯಕ್ಕೂ ಮಹಾರಾಷ್ಟ್ರವನ್ನು ಮಧ್ಯ ವಲಯಕ್ಕೂ ಸೇರಿಸಿದರು. ಈ ಗೆರೆ ನಮ್ಮ ಗಡಿಯಲ್ಲಿ ಒಂದೇ ಓಣಿಯೊಳಗೆ ಹಾಯುತ್ತದೆ. ಮರಾಠರಲ್ಲಿ ಮಾವನ ಮಗಳು ನಡೆಯುತ್ತದೆ, ಸೋದರತ್ತೆಯ ಮಗಳು ರೂಢಿಯಲ್ಲಿಲ್ಲ. ನಿಪ್ಪಾಣಿ, ಖಾನಾಪುರ ಕಡೆಯ ಬೀಗರು ವಂಶಾವಳಿಯಲ್ಲಿ ಬಂದರೆ ಬೇರೆ ಗುರುತು ಹಾಕಿ.

ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. 1991ರ ಅಂಕಿಯನ್ನು ಈಚಿನದಕ್ಕೆ ಹೋಲಿಸಬೇಕಾದರೆ ವಿಜಯಪುರ, ಬಾಗಲಕೋಟೆ ಎರಡನ್ನೂ ಕೂಡಿಸಲೇಬೇಕು. ಜನಗಣತಿಯ ಸಿ-2 ಕೋಷ್ಟಕದಿಂದ (ವಯಸ್ಸುವಾರು ವೈವಾಹಿಕ ಸ್ಥಿತಿ) ಲಗ್ನದ ಸರಾಸರಿ ವಯಸ್ಸು ತೆಗೆಯಲು ಜನಸಂಖ್ಯಾಶಾಸ್ತ್ರಜ್ಞ ಹಾಜ್ನಲ್ ಅವರ 1953ರ ಸೂತ್ರವಿದೆ. 15–19ರಿಂದ 45–49ರವರೆಗಿನ ಏಳು ಗುಂಪುಗಳಲ್ಲಿ ಲಗ್ನವಾಗದವರ ಶೇಕಡಾ ಕೂಡಿಸಿ, 5ರಿಂದ ಗುಣಿಸಿ, 1500 ಸೇರಿಸಿ. 45–49 ಮತ್ತು 50–54ರ ಶೇಕಡಾಗಳ ಸರಾಸರಿಯನ್ನು 50ರಿಂದ ಗುಣಿಸಿ ಅದರಿಂದ ಕಳೆಯಿರಿ. ಉಳಿದದ್ದನ್ನು, 100ರಲ್ಲಿ ಆ ಸರಾಸರಿ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. ಪದ್ಧತಿ ಬೇಗ ಬದಲಾಗುವ ಕಾಲದಲ್ಲಿ ಈ ಸೂತ್ರ ಹಲವು ಪೀಳಿಗೆಗಳನ್ನು ಕಲಸಿಬಿಡುತ್ತದೆ. ನಿಮ್ಮ ವಂಶಾವಳಿಯ ಅಂಕಿಗೆ ಇದನ್ನು ಪಕ್ಕದಲ್ಲಿಟ್ಟು ನೋಡಲು ಮಾತ್ರ ಬಳಸಿ.

ಆ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಸಂಬಂಧದೊಳಗಿನ ಲಗ್ನ ಸುಮಾರು ಶೇ 27. ಅದರಲ್ಲಿ ‘ತಂದೆ ಕಡೆಯ ಹತ್ತಿರದ ಸೋದರ ಸಂಬಂಧಿ’ ಅಂತ ಒಂದೇ ವರ್ಗ. ಅತ್ತೆಯ ಮಗ, ಕಾಕಾನ ಮಗ ಎರಡೂ ಅದರೊಳಗೆ. ಮುಸ್ಲಿಂ ಮನೆಗಳಲ್ಲಿ ಎರಡನೆಯದೂ ನಡೆಯುವುದರಿಂದ ನಿಮ್ಮ ಫಾರ್ಮಿನಲ್ಲಿ ಇವನ್ನು ಬೇರ್ಪಡಿಸಿ.

ಘಟಪ್ರಭಾ

ವರ ಇದ್ದನೇ ಇಲ್ಲವೇ ಅನ್ನುವ ಕಲಂ ನನ್ನ ಯೋಚನೆಗೇ ಬಂದಿರಲಿಲ್ಲ, ಬಹಳ ಉಪಕಾರ. ಇನ್ನೆರಡು ತೊಡಕು: ಸೊಸೆಯನ್ನು ಕೇಳಿದರೆ ಅತ್ತೆ ಉತ್ತರ ಕೊಡುತ್ತಾರೆ. ವರದಕ್ಷಿಣೆ ಅಂದರೆ ಎಲ್ಲರೂ ‘ಏನೂ ಇಲ್ರಿ’ ಅನ್ನುತ್ತಾರೆ.

ನೆಗೆಣ್ಣಿ

ತಂಗೀ, ಶ್ರಾವಣದಾಗ ಹೋಗವಾ. ನಾಗರಪಂಚಮಿಗೆ ಲಗ್ನಾದ ಹೆಣ್ಣಮಕ್ಕಳು ತವರಿಗೆ ಬಂದಿರ್ತಾರ, ಅತ್ತಿ ಬಾಜೂ ಇರೂದಿಲ್ಲ, ಜೋಕಾಲಿ ಕಟ್ಟಿದಲ್ಲೇ ನಾಕು ಮಂದಿ ಕೂಡಿ ಮಾತಾಡ್ತಾರ. ಆದ್ರ ಜಗಳಾಗಿ ತವರು ಮುರಿದವರು, ದೂರ ದುಡಿಯಾಕ ಹೋದವರು ಆಗ ಸಿಗೂದಿಲ್ಲ. ಅವರ ಹೆಸರು ವಂಶಾವಳಿಯಿಂದ ತಗದು ಪಟ್ಟಿ ಮಾಡ್ಕೊಂಡು ಅವರ ಊರಿಗೇ ಹೋಗಬೇಕಾಗತೈತಿ. ಕಬ್ಬ ಕಡಿಯೂ ಹಂಗಾಮಿನಾಗ ಕೂಲಿ ಮನಿಗೋಳು ಬೀಗ ಹಾಕಿರ್ತಾವು, ಆಗ ಎಣಿಕಿ ಮಾಡಿದ್ರ ಬಡವರೇ ಬಿಟ್ಟು ಹೋಗ್ತಾರ.

ವಯಸ್ಸು ನೇರ ಕೇಳಬ್ಯಾಡ. 1972ರ ಬರ, ಇಂದಿರಾ ಗಾಂಧಿ ಹತ್ಯಾದ 1984, ಲಾತೂರ ಭೂಕಂಪದ 1993, 2009ರ ಮಳಿ, 2019ರಾಗ ಹೊಳಿ ಬಂದದ್ದು, ಲಾಕ್‌ಡೌನ್. ಇದರ ಹಿಂದೋ ಮುಂದೋ ಅಂತ ಕೇಳು. ಲಗ್ನ, ಗಂಡನ ಮನಿಗೆ ನಡ್ಯಾಕ ಹೋದದ್ದು, ಚೊಚ್ಚಲು ಹೆರಿಗಿ, ಮೂರೂ ಬ್ಯಾರೆ ಬ್ಯಾರೆ ಬರಿ.

ವರದಕ್ಷಿಣಿ ಅನ್ನೂ ಶಬ್ದಾನ ತಗೀಬ್ಯಾಡ. ಕೊಡೂದು, ತಗೊಳ್ಳೂದು ಎರಡೂ 1961ರ ಕಾಯ್ದೆದಾಗ ಗುನ್ಹೆ, ಯಾರು ಹೇಳ್ತಾರ? ಬಂಗಾರ ಎಷ್ಟು ತೊಲಿ, ಯಾರ ಕಡಿಂದ, ಭಾಂಡೆ ಸಾಮಾನು, ಗಾಡಿ, ಊಟದ ಖರ್ಚು ಅಂತ ಒಂದೊಂದೇ ಕೇಳು. ಹಳೇ ಲಗ್ನಕ್ಕ ತೆರ ಎಷ್ಟು ಕೊಟ್ರು ಅನ್ನೂದೂ ಕೇಳು, ಗಂಡಿನ ಕಡಿಂದ ಹೆಣ್ಣಿನ ಕಡಿಗೆ ಬರ್ತಿದ್ದ ರೊಕ್ಕ ಯಾವ ದಶಕದಾಗ ತಿರುಗಿತು ಅನ್ನೂದು ಭಾಳ ಮುಖ್ಯ. ಎಲ್ಲಾನೂ ಆ ವರ್ಷದ ಬಂಗಾರದ ತೂಕಕ್ಕ ತಿರುಗಿಸಿದ್ರ ಹೋಲಿಕಿ ಬರತೈತಿ. ಹಳೇ ತೊಲಿ 11.66 ಗ್ರಾಂ, ಈಗ ಪ್ಯಾಟ್ಯಾಗ 10 ಗ್ರಾಂ, ಗ್ರಾಂದಾಗೇ ಬರಿ.

‘ಮನಿ ಯಜಮಾನಿ ಯಾರು’ ಅಂದ್ರ ಈಗ ಗೃಹಲಕ್ಷ್ಮಿ 2000 ಯಾರ ಖಾತೇಕ ಬರತೈತೋ ಅವರ ಹೆಸರು ಹೇಳ್ತಾರ. ಅದು ರೇಶನ್ ಕಾರ್ಡಿನ ಉತ್ತರ. ಒಲಿ ಎಷ್ಟು, ಕಿರಾಣಿ ರೊಕ್ಕ ಯಾರ ಕೈಯಾಗ ಅಂತ ಕೇಳು. ಹೊಲದ ಉತಾರದಾಗ (ಪಹಣಿ) ಹೆಣ್ಣಮಗಳ ಹೆಸರು ಐತೇನು, ಹಕ್ಕು ಬಿಟ್ಟ ಪತ್ರಕ್ಕ ಸಹಿ ಮಾಡ್ಯಾಳೇನು, ಯಾವ ವರ್ಷ ಅನ್ನೂದೂ ನೋಡು. ಹಿಂದೂ ಮನಿತನದ ಪಿತ್ರಾರ್ಜಿತದಾಗ ಪಾಲು ಕರ್ನಾಟಕದಾಗ 1994ರಿಂದ, ಆಗಿನ್ನೂ ಲಗ್ನಾಗದ ಹೆಣ್ಣಮಕ್ಕಳಿಗೆ, 2005ರ ತಿದ್ದುಪಡಿಯಿಂದ ಎಲ್ಲಾ ಹೆಣ್ಣಮಕ್ಕಳಿಗೂ. ಸಹಿ ಹಾಕಿದ ತಾರೀಖು, ಲಗ್ನದ ತಾರೀಖು ಜೋಡಿಸಿ ನೋಡಿದ್ರ ಲಗ್ನದ ಖರ್ಚಿಗೆ ಬದಲು ಹಕ್ಕು ಬಿಟ್ಟರೇನು ಅನ್ನೂದು ತಿಳೀತೈತಿ.

ಬೀಗರಮನಿ

ಒಂದು ಮಾತು ಉಳಿಯಿತು. 18 ತುಂಬದವರ ಲಗ್ನ ಈ ಊರುಗಳಲ್ಲಿ ಎದುರಾಗಿಯೇ ಆಗುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಅದು ಮೊದಲಿನಿಂದಲೇ ಅಸಿಂಧು. ಪೋಕ್ಸೊ ಕಾಯ್ದೆಯ (ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಕಾಯ್ದೆ) 19ನೇ ಕಲಮಿನ ಪ್ರಕಾರ ಗೊತ್ತಾದದ್ದನ್ನು ತಿಳಿಸುವ ಹೊಣೆ ಸಂಶೋಧಕರಿಗೂ ಇದೆ. ‘ಯಾರಿಗೂ ಹೇಳುವುದಿಲ್ಲ’ ಅಂತ ಮಾತು ಕೊಟ್ಟು ಕುಳಿತುಕೊಳ್ಳಬೇಡಿ. ಯಾವುದನ್ನು ಗುಟ್ಟಾಗಿಡಲು ಬರುವುದಿಲ್ಲ ಅಂತ ಮೊದಲೇ ಹೇಳಿ, ವಿಶ್ವವಿದ್ಯಾಲಯದ ನೀತಿ ಸಮಿತಿಯಿಂದ ಲಿಖಿತ ಕ್ರಮ ಪಡೆಯಿರಿ, ಸಂದರ್ಶನವನ್ನು 20 ದಾಟಿದವರಿಗೆ ಸೀಮಿತಗೊಳಿಸಿ. ಹುಡುಗಿಗೆ ಅಪಾಯವಿದೆ ಅಂತ ಕಂಡರೆ ಮಕ್ಕಳ ಸಹಾಯವಾಣಿ 1098.

400 ಮನೆಯ ಊರಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಐದು ಹೆಣ್ಣು ಒಂದು ಗಂಡು, ಎರಡು ಸಾಟಿ ಲಗ್ನ ಇರುವ ಚಿತ್ರ ಅಚ್ಚಾದರೆ ಅದು ಯಾರ ಮನೆ ಅಂತ ಊರೇ ಹೇಳುತ್ತದೆ. ಇಡೀ ವಂಶಾವಳಿ ಮುದ್ರಿಸದೆ ಬೇಕಾದ ಕೊಂಡಿಗಳನ್ನಷ್ಟೇ ಕೊಡಿ. ಸಂಕೇತ ಸಂಖ್ಯೆಗೂ ಹೆಸರಿಗೂ ನಂಟು ತೋರುವ ವಹಿಯನ್ನು ಊರಿನಲ್ಲಿ ಉಳಿದುಕೊಂಡ ಮನೆಯಲ್ಲಿ ಇಡಬೇಡಿ.