ಕಾಂಕ್ರೀಟ್ ಡ್ರೈವ್‌ವೇಗೆ ಹೊಸ ಮೇಲ್ಪದರ ಹಾಕಿಸುವ ಸಮಯ ಬಂದಿದೆಯೆಂದು ತಿಳಿಯುವುದು ಹೇಗೆ?

ಪ್ರಶ್ನೆ

ನಮ್ಮ ಮನೆಯ ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗಿನ ಕಾಂಕ್ರೀಟ್ ಡ್ರೈವ್‌ವೇ ಹಳೆಯದಾಗಿದೆ. ಚಕ್ರಗಳು ಹಾಯುವ ಎರಡು ಪಟ್ಟಿಗಳಲ್ಲಿ ಮೇಲಿನ ಸಿಮೆಂಟು ಸವೆದು ಜಲ್ಲಿ ಕಾಣಿಸಿಕೊಂಡಿದೆ, ಎಷ್ಟು ಗುಡಿಸಿದರೂ ಬೂದುಬಣ್ಣದ ಪುಡಿ ಏಳುತ್ತಲೇ ಇರುತ್ತದೆ, ಅಲ್ಲಲ್ಲಿ ಸಣ್ಣ ಚಕ್ಕೆಗಳು ಎದ್ದುಹೋಗಿವೆ. ಮೈತುಂಬ ಕೂದಲೆಳೆಯಷ್ಟು ತೆಳುವಾದ ಬಿರುಕುಗಳಿವೆ. ಇವಲ್ಲದೆ ಮನೆಯ ಗೋಡೆಯ ಹತ್ತಿರ ಒಂದು ಅಡ್ಡ ಬಿರುಕು ಇದ್ದು, ಅದರ ಒಂದು ಬದಿ ಇನ್ನೊಂದಕ್ಕಿಂತ ತುಸು ತಗ್ಗಿರುವುದು ಬರಿಗಾಲಿಗೆ ತಿಳಿಯುತ್ತದೆ. ತೆಳುವಾದ ಹೊಸ ಪದರ ಹಾಕಿದರೆ ಸಾಕೆಂದು ಒಬ್ಬ ಗುತ್ತಿಗೆದಾರರು ಹೇಳಿದರೆ, ಎಲ್ಲವನ್ನೂ ಒಡೆದು ಹೊಸದಾಗಿ ಹಾಕಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಯಾವ ಲಕ್ಷಣವಿದ್ದರೆ ಮೇಲ್ಪದರ ಸಾಕು, ಯಾವುದಿದ್ದರೆ ಒಡೆಯಲೇಬೇಕು, ಯಾವುದಿದ್ದರೆ ಇನ್ನೂ ಕೆಲವು ವರ್ಷ ಹಾಗೆಯೇ ಬಿಡಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಮೊದಲ ಉತ್ತರ

ವಯಸ್ಸನ್ನು ನೋಡಿ ತೀರ್ಮಾನಿಸಬೇಡಿ. ಚೆನ್ನಾಗಿ ಹಾಕಿದ ಕಾಂಕ್ರೀಟು ದಶಕಗಳ ಕಾಲ ಏನೂ ಬೇಡದೆ ಬಾಳುತ್ತದೆ, ಕೆಟ್ಟದಾಗಿ ಹಾಕಿದ್ದು ಕೆಲವೇ ವರ್ಷಗಳಲ್ಲಿ ಉದುರುತ್ತದೆ. ನೋಡಬೇಕಾದದ್ದು ಕೆಡುಕು ಮೈಮೇಲೆ ಇದೆಯೋ ಒಡಲಲ್ಲಿ ಇದೆಯೋ ಎಂಬುದನ್ನು. ಮೇಲ್ಪದರವೆಂದರೆ ಪಾಲಿಮರ್ ಬೆರೆಸಿದ ಸಿಮೆಂಟಿನ ಗಾರೆ. ಅದರ ದಪ್ಪ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್ ಮಾತ್ರ. ಸವೆದ ಮೈಗೆ ಹೊಸ ಮೈ ಕೊಡುವುದು ಅದರ ಕೆಲಸವೇ ಹೊರತು ಕೆಳಗಿನ 100 ಮಿಲಿಮೀಟರ್ ದಪ್ಪದ ಚಪ್ಪಡಿಯನ್ನು ಹಿಡಿದಿಡುವುದಲ್ಲ. ಕೆಳಗಿನದು ಕದಲಿದರೆ ಅದೇ ಗೆರೆಯಲ್ಲಿ ಮೇಲಿನದೂ ಬಿರಿಯುತ್ತದೆ.

ನೀವು ಹೇಳಿದ ಪುಡಿ, ಚಕ್ಕೆ, ಸವೆತಗಳು ಬಹುಮಟ್ಟಿಗೆ ಮೈಮೇಲಿನ ಕಾಯಿಲೆಗಳು. ಕಲಸುವಾಗ ನೀರು ಹೆಚ್ಚಾದರೆ, ಅಥವಾ ಹಾಕಿದ ಕಾಂಕ್ರೀಟಿನಿಂದ ಮೇಲೆ ಜಿನುಗಿದ ನೀರು ಆರುವ ಮೊದಲೇ ಕರಣೆಯಿಂದ ತೀಡಿದರೆ, ಮೇಲಿನ ಕೆಲವು ಮಿಲಿಮೀಟರುಗಳಲ್ಲಿ ಬಲವಿಲ್ಲದ ಕೆನೆ ಉಳಿದುಬಿಡುತ್ತದೆ. ಕ್ಯೂರಿಂಗ್, ಅಂದರೆ ಹಾಕಿದ ಮೇಲೆ ಕೆಲವು ದಿನ ತೇವವಾಗಿಡುವುದು, ಸಾಲದಿದ್ದರಂತೂ ಅದು ಬೇಗನೆ ಸವೆಯುತ್ತದೆ. ಕೂದಲೆಳೆಯ ಬಿರುಕುಗಳು ಸಹ ಸಾಮಾನ್ಯವಾಗಿ ಮೇಲ್ಮೈ ಬೇಗ ಒಣಗಿದ್ದರಿಂದ ಆದವು, ಆಳಕ್ಕೆ ಇಳಿದಿರುವುದಿಲ್ಲ. ಅವು ಮಾತ್ರ ಇದ್ದು ಮೈ ಗಟ್ಟಿಯಾಗಿದ್ದರೆ ಏನೂ ಮಾಡಬೇಕಾಗಿಲ್ಲ. ಆದರೆ ಜಲ್ಲಿ ಕಾಣತೊಡಗಿದ ಮೇಲೆ ನೀರು ಸುಲಭವಾಗಿ ಒಳಗಿಳಿಯುತ್ತದೆ, ಸವೆತವೂ ಚುರುಕಾಗುತ್ತದೆ. ಹಿಮಗಟ್ಟುವ ಪ್ರದೇಶಗಳಲ್ಲಿ ಇದು ಇನ್ನೂ ಬೇಗ ಕೆಡುತ್ತದೆ, ಏಕೆಂದರೆ ಹೆಪ್ಪುಗಟ್ಟುವ ನೀರು ಸುಮಾರು ಶೇಕಡ 9ರಷ್ಟು ಹಿಗ್ಗಿ ಚಕ್ಕೆಗಳನ್ನು ಎಬ್ಬಿಸುತ್ತದೆ, ಹಿಮ ಕರಗಿಸಲು ಚೆಲ್ಲುವ ಉಪ್ಪು ಈ ಹಾನಿಯನ್ನು ಹೆಚ್ಚಿಸುತ್ತದೆ.

ಹಣ ಕೊಡುವ ಮೊದಲು ನೀವೇ ಮಾಡಬಹುದಾದ ಪರೀಕ್ಷೆಗಳಿವೆ. ಒಂದು ಸುತ್ತಿಗೆಯಿಂದ ಅಡಿಗೊಂದು ಕಡೆ ಮೆಲ್ಲಗೆ ಬಡಿಯುತ್ತ ಹೋಗಿ: ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗವೂ ತಳದ ಮಣ್ಣು ಕುಸಿದ ಜಾಗವೂ ಡಬ್ ಎನ್ನುತ್ತವೆ. ಡಬ್ ಎಂದ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆ ಗೆರೆಗಳೊಳಗಿನ ಜಾಗ ಒಟ್ಟು ನೆಲದ ಮೂರನೇ ಒಂದು ಭಾಗವನ್ನು ಮೀರಿದರೆ ಮೇಲ್ಪದರಕ್ಕೆ ಖರ್ಚು ಮಾಡಬಾರದೆಂಬುದು ನನ್ನ ಅಭಿಪ್ರಾಯ. ಸ್ಕ್ರೂಡ್ರೈವರಿನಿಂದ ಗೀರಿದಾಗ ಮೇಲಿನ ತೆಳುಪದರ ಮಾತ್ರ ಕಿತ್ತು ಬಂದು ಕೆಳಗೆ ಗಟ್ಟಿ ಸಿಕ್ಕರೆ ಒಳ್ಳೆಯದು; ಎಷ್ಟು ಕೆದಕಿದರೂ ಪುಡಿಯೇ ಬಂದರೆ ಕಾಯಿಲೆ ಒಡಲಲ್ಲಿದೆ. ಕೊನೆಗೆ ಅಲ್ಲಲ್ಲಿ ಒಂದೊಂದು ಹನಿ ನೀರು ಬಿಡಿ. ಹನಿ ಹೀರಿಹೋಗದೆ ಮುತ್ತಿನಂತೆ ನಿಂತರೆ ಅಲ್ಲಿ ಎಣ್ಣೆಯೋ ನೀರು ಇಳಿಯದಂತೆ ಹಿಂದೆ ಬಳಿದ ಸೀಲರೋ ಇದೆ, ಅದನ್ನು ತೆಗೆಯದೆ ಹೊಸ ಪದರ ಹಿಡಿಯುವುದಿಲ್ಲ.

ಎರಡು ಲಕ್ಷಣಗಳಿಗೆ ಮಾತ್ರ ಮೇಲ್ಪದರ ಮದ್ದೇ ಅಲ್ಲ. ನೇರ ಗೆರೆಯಲ್ಲಿ ತುಕ್ಕಿನ ಕಲೆ ಮೂಡಿ ಅದರ ಮೇಲಿನ ಕಾಂಕ್ರೀಟು ಉಬ್ಬಿದ್ದರೆ ಒಳಗಿನ ಸರಳು ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಹೊಸ ಪದರವನ್ನೂ ಎತ್ತಿಬಿಡುತ್ತದೆ. ಅಗಲವಾದ ಬಿರುಕುಗಳು ನಕಾಶೆಯ ಗೆರೆಗಳಂತೆ ಇಡೀ ಚಪ್ಪಡಿಯಲ್ಲಿ ಹರಡಿ, ಅವುಗಳಿಂದ ಅಂಟಿನಂಥ ಬಿಳಿ ದ್ರವ ಒಸರಿದ್ದರೆ ಜಲ್ಲಿಗೂ ಸಿಮೆಂಟಿನ ಕ್ಷಾರಕ್ಕೂ ರಾಸಾಯನಿಕ ಕ್ರಿಯೆ ನಡೆಯುತ್ತಿರುವ ಸಂಭವವಿದೆ, ಮೇಲಿನಿಂದ ಏನು ಬಳಿದರೂ ಅದು ನಿಲ್ಲದು.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಗೋಡೆಯ ಹತ್ತಿರದ ಆ ಒಂದು ಬಿರುಕು. ಎತ್ತರ ವ್ಯತ್ಯಾಸವಾಗಿದೆ ಎಂದರೆ ಅಡಿಯ ಮಣ್ಣು ಕದಲಿದೆ ಎಂದೇ ಅರ್ಥ. ಬಿರುಕಿನ ಎರಡೂ ತುದಿಗಳಿಗೆ ಗುರುತು ಹಾಕಿ ಪಕ್ಕದಲ್ಲಿ ದಿನಾಂಕ ಬರೆಯಿರಿ, ಮಧ್ಯದಲ್ಲಿ ಅದರ ಅಗಲವನ್ನೂ ಎತ್ತರದ ಅಂತರವನ್ನೂ ಅಳೆದಿಡಿ, ಸಾಧ್ಯವಾದರೆ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆಯುವವರೆಗೆ ಕಾದು ಮತ್ತೆ ಅಳೆಯಿರಿ. ಅಳತೆ ಬದಲಾಗುತ್ತಿರುವವರೆಗೆ ಅದರ ಮೇಲೆ ಪದರ ಹಾಕಿಸುವುದು ವ್ಯರ್ಥ. ಛಾವಣಿಯ ನೀರು ಎಲ್ಲಿ ಬೀಳುತ್ತದೆ, ಹತ್ತಿರದಲ್ಲಿ ದೊಡ್ಡ ಮರದ ಬೇರು ಇದೆಯೇ, ನೆಲದಡಿಯ ಕೊಳವೆ ಸೋರುತ್ತಿದೆಯೇ ಎಂಬುದನ್ನೂ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸುತ್ತಿಗೆಯಿಂದ ಬಡಿದು ನೋಡಿದೆ. ಗೋಡೆಯ ಕಡೆಯ ಒಂದು ಚೌಕ ಮಾತ್ರ ಡಬ್ ಎನ್ನುತ್ತದೆ, ಉಳಿದದ್ದೆಲ್ಲ ಗಟ್ಟಿಯಾಗಿದೆ. ಛಾವಣಿಯ ಕೊಳವೆಯ ನೀರು ಸರಿಯಾಗಿ ಅದೇ ಮೂಲೆಗೆ ಬೀಳುತ್ತಿದೆ. ಹೀಗಿರುವಾಗ ಎಲ್ಲವನ್ನೂ ಒಡೆಯಬೇಕೇ? ಮತ್ತೊಂದು ಮಾತು, ಚೌಕಗಳ ನಡುವಿನ ಸಂದುಗಳನ್ನು ಮುಚ್ಚಿ ಒಂದೇ ಸಮನಾದ ನೆಲ ಮಾಡಿಕೊಡುತ್ತೇನೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಅದು ಸರಿಯೇ?

ಮೂರನೆಯ ಉತ್ತರ

ಎಲ್ಲವನ್ನೂ ಒಡೆಯುವ ಅಗತ್ಯ ನನಗೆ ಕಾಣುವುದಿಲ್ಲ. ಮೊದಲು ಕೊಳವೆಯ ನೀರನ್ನು ಚಪ್ಪಡಿಯಿಂದ ದೂರಕ್ಕೆ ಸಾಗಿಸಿ. ನಂತರ ಆ ಒಂದು ಚೌಕವನ್ನು ಸಂದುಗಳ ಗೆರೆಯಲ್ಲೇ ಕೊಯ್ದು ತೆಗೆದು, ತಳದ ಮಣ್ಣನ್ನು ದಮ್ಮಸ್ಸು ಮಾಡಿಸಿ, ಅಷ್ಟನ್ನು ಮಾತ್ರ ಹೊಸದಾಗಿ ಹಾಕಿಸಿ. ಚೌಕ ಒಡೆಯದೆ ಬರಿದೇ ತಗ್ಗಿದ್ದಾದರೆ ಅಡಿಗೆ ಗಾರೆ ಅಥವಾ ಫೋಮ್ ತುಂಬಿಸಿ ಎತ್ತುವ ವಿಧಾನವೂ ಇದೆ, ಆದರೆ ಬಿರುಕು ಬಿಟ್ಟ ಚೌಕಕ್ಕೆ ಅದು ಅಷ್ಟು ಒಗ್ಗುವುದಿಲ್ಲ. ಹೊಸ ಕಾಂಕ್ರೀಟಿಗೆ 28 ದಿನ ಕಳೆದ ಮೇಲೆ ಒಟ್ಟು ನೆಲಕ್ಕೆ ಮೇಲ್ಪದರ ಹಾಕಿಸಿದರೆ ಹಳತು ಹೊಸತು ಒಂದೇ ಬಣ್ಣಕ್ಕೆ ಬರುತ್ತವೆ.

ಸಂದುಗಳನ್ನು ಮುಚ್ಚಲು ಮಾತ್ರ ಒಪ್ಪಬೇಡಿ. ಚಪ್ಪಡಿ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ; ಅದು ಬಿರಿಯುವುದಾದರೆ ಇಲ್ಲೇ ಬಿರಿಯಲಿ ಎಂದು ಬಿಟ್ಟ ಜಾಗವೇ ಸಂದು. 100 ಮಿಲಿಮೀಟರ್ ದಪ್ಪದ ಚಪ್ಪಡಿಗೆ ಸುಮಾರು ಎರಡೂವರೆಯಿಂದ ಮೂರು ಮೀಟರಿಗೊಂದು ಸಂದು ಇರುವುದು ಇದಕ್ಕಾಗಿಯೇ. ಮುಚ್ಚಿದರೆ ಹೊಸ ಪದರ ಅದೇ ಗೆರೆಯಲ್ಲಿ ಅಂಕುಡೊಂಕಾಗಿ ಒಡೆದು ನೀರನ್ನು ಒಳಕ್ಕೆ ಬಿಡುತ್ತದೆ, ಅಂಚುಗಳಿಂದ ಸಿಪ್ಪೆ ಏಳಲು ಶುರುವಾಗುವುದೂ ಅಲ್ಲಿಂದಲೇ.

ಗುತ್ತಿಗೆದಾರರನ್ನು ಆರಿಸುವಾಗ ಪದರದ ಹೆಸರಿಗಿಂತ ಹಳೆಯ ಮೈಯನ್ನು ಹೇಗೆ ಸಿದ್ಧಪಡಿಸುತ್ತೀರಿ ಎಂದು ಕೇಳಿ. ಬಿದ್ದುಹೋದ ಬಹಳಷ್ಟು ಮೇಲ್ಪದರಗಳು ಬಿದ್ದಿರುವುದು ತಯಾರಿ ಸಾಲದೆ. ಬಲವಿಲ್ಲದ ಕೆನೆ ಪೂರ್ತಿ ಹೋಗುವವರೆಗೆ ಉಜ್ಜುವ ಯಂತ್ರವನ್ನೋ ಹೆಚ್ಚಿನ ಒತ್ತಡದ ನೀರನ್ನೋ ಬಳಸಬೇಕು, ಎಣ್ಣೆಯ ಕಲೆ ತೆಗೆಯಬೇಕು. ಹಾಕುವ ಹೊತ್ತಿಗೆ ಹಳೆಯ ಕಾಂಕ್ರೀಟು ನೀರು ಕುಡಿದು ತೃಪ್ತವಾಗಿರಬೇಕು, ಆದರೆ ಮೇಲೆ ನೀರು ನಿಂತಿರಬಾರದು. ಒಣಗಿದ ನೆಲ ಹೊಸ ಗಾರೆಯ ನೀರನ್ನೇ ಹೀರಿ ಅದನ್ನು ಬಲಹೀನಗೊಳಿಸುತ್ತದೆ. ಚೀಲದ ಮೇಲೆ ಬರೆದಿರುವುದಕ್ಕಿಂತ ಒಂದು ಲೋಟ ನೀರನ್ನೂ ಹೆಚ್ಚಿಗೆ ಸೇರಿಸಲು ಬಿಡಬೇಡಿ, ಸೇರಿಸಿದರೆ ಈಗಿನ ಪುಡಿಯೇ ಮತ್ತೆ ಬರುತ್ತದೆ. ನೆತ್ತಿಯ ಬಿಸಿಲು, ಬಿರುಗಾಳಿ, ಮಳೆಯ ಮುನ್ಸೂಚನೆ ಇರುವ ದಿನಗಳನ್ನು ತಪ್ಪಿಸಿ. ಸುಮಾರು 10ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವಿನ ಹವೆ ಒಳ್ಳೆಯದು. ಮೈ ಹಸಿಯಿರುವಾಗಲೇ ಪೊರಕೆಯಿಂದ ಅಡ್ಡಡ್ಡ ಗೆರೆ ಎಳೆಸಿದರೆ ಮಳೆಯಲ್ಲಿ ಕಾಲು ಜಾರುವುದಿಲ್ಲ. ನಡೆದಾಡಲು ಸಾಮಾನ್ಯವಾಗಿ ಒಂದು ದಿನ ಸಾಕು, ಕಾರು ಹತ್ತಿಸಲು ಮಾತ್ರ ತಯಾರಕರು ಹೇಳಿದಷ್ಟು ದಿನ ಕಾಯಲೇಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು.

ಕೆಲಸ ಶುರುವಾಗುವ ಮೊದಲು ಇಳಿಜಾರನ್ನೂ ಅಳೆಸಿ. ಮನೆಯಿಂದ ಹೊರಕ್ಕೆ ಮೀಟರಿಗೆ ಸುಮಾರು 2 ಸೆಂಟಿಮೀಟರ್ ಇಳಿಜಾರಿದ್ದರೆ ನೀರು ನಿಲ್ಲುವುದಿಲ್ಲ. ಹೊಸ ಪದರದಿಂದ ಏರುವ 6 ಮಿಲಿಮೀಟರ್ ಹೊಸ್ತಿಲ ಬಳಿ ನೀರನ್ನು ಒಳಮುಖವಾಗಿ ತಿರುಗಿಸುವಂತಿದ್ದರೆ, ಆ ಅಂಚಿನಲ್ಲಿ ಹಳೆಯ ಕಾಂಕ್ರೀಟನ್ನು ಅಷ್ಟೇ ಆಳಕ್ಕೆ ಕೆತ್ತಿಸಿದ ಮೇಲೆಯೇ ಪದರ ಹಾಕಿಸಿ.